ಕಿಲುಬಿನಲ್ಲಿ ಬರೆದ ಚಿತ್ರಗಳು

ಹಬ್ಬದ ಹಿಂದಿನ ದಿನ ತಾಮ್ರದ ಚೊಂಬು, ಪಂಚಪಾತ್ರೆ, ಹಿತ್ತಾಳೆಯ ದೀಪಗಳೆಲ್ಲ ಬಚ್ಚಲ ಕಲ್ಲಿನ ಮೇಲೆ ಬಂದು ಕೂರುತ್ತವೆ. ಅಜ್ಜಿ ಹುಣಿಸೆಹಣ್ಣಿನ ಹಿಪ್ಪೆಗೆ ಚಿಟಿಕೆ ಉಪ್ಪು ಸೇರಿಸಿ ಗಸಗಸ ತಿಕ್ಕುತ್ತಾರೆ. ಮಂಕಾಗಿದ್ದ ಚೊಂಬು ನೋಡನೋಡುತ್ತಲೇ ಕೆಂಪಗೆ ಹೊಳೆಯತೊಡಗುತ್ತದೆ. “ಕಿಲುಬೆಲ್ಲ ಹೋಯಿತು ನೋಡು” ಎನ್ನುತ್ತ ಅಜ್ಜಿ ಅದನ್ನು ಬಿಸಿಲಿಗೆ ಬೋರಲು ಹಾಕುತ್ತಾರೆ.

ಮಕ್ಕಳೇ, ಇವತ್ತು ನಾನು ಹೇಳುವುದು ಕಿಲುಬನ್ನು ತಿಕ್ಕಿ ತೆಗೆಯದೆ, ಅಕ್ಕರೆಯಿಂದ ಬೆಳೆಸಿಕೊಂಡವರ ಕಥೆ. ಅವರು ಜಪಾನಿನ ಹಳೆಯ ಕಾಲದ ಲೋಹದ ಕೆಲಸಗಾರರು. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಬಿಲ್ಲೆಗಳ ಮೇಲೆ ಅವರು ಹೂವು, ಹಕ್ಕಿ, ಅಲೆ, ಚಂದ್ರ, ಮಳೆ, ಮಂಜು ಎಲ್ಲವನ್ನೂ ಬರೆದರು. ಆ ಬಿಲ್ಲೆಗಳಲ್ಲಿ ಕಪ್ಪು ಇದೆ, ಕಂದು ಇದೆ, ಬೂದು ಇದೆ, ಕೆಂಪು ಇದೆ. ಆದರೆ ಅವರ ಬಳಿ ಬಣ್ಣದ ಡಬ್ಬಿಯೂ ಇರಲಿಲ್ಲ, ಕುಂಚವೂ ಇರಲಿಲ್ಲ. ಲೋಹಕ್ಕೆ ತಾನಾಗಿ ಹಿಡಿಯುವ ಕಿಲುಬೇ ಅವರ ಬಣ್ಣ.

ವಡೆಯಷ್ಟಗಲದ ಬಿಲ್ಲೆ

ಒಂದು ಉದ್ದಿನ ವಡೆಯನ್ನು ಮನಸ್ಸಿಗೆ ತಂದುಕೊಳ್ಳಿ. ಅಷ್ಟೇ ಅಗಲ, ನಡುವೆ ತೂತು. ಆದರೆ ವಡೆಯ ಹಾಗೆ ಉಬ್ಬಿಲ್ಲ. ಚಪ್ಪಟೆ, ನಾಲ್ಕೈದು ಮಿಲಿಮೀಟರ್ ದಪ್ಪ. ಅಗಲ 7ರಿಂದ 8 ಸೆಂಟಿಮೀಟರ್. ಇದರ ಹೆಸರು ತ್ಸುಬಾ. ಜಪಾನಿನ ಯೋಧರಾದ ಸಮುರಾಯಿಗಳ ಕತ್ತಿಯಲ್ಲಿ ಹರಿತವಾದ ಅಲಗು ಮುಗಿದು ಹಿಡಿ ಶುರುವಾಗುವ ಜಾಗದಲ್ಲಿ ಈ ಬಿಲ್ಲೆ ಇರುತ್ತದೆ.

ಇದಕ್ಕೆ ಮೊದಲ ಕೆಲಸ, ಕತ್ತಿ ಹಿಡಿದವನ ಕೈ ಜಾರಿ ಅಲಗಿನ ಮೇಲೆ ಹೋಗದಂತೆ ತಡೆಯುವುದು. ಎದುರಾಳಿಯ ಅಲಗು ಬೆರಳಿಗೆ ತಾಗದಂತೆ ಕಾಯುವುದೂ ಅದರದೇ ಹೊಣೆ. ಇನ್ನೊಂದು ಕೆಲಸ ಕಣ್ಣಿಗೆ ಕಾಣುವುದಿಲ್ಲ. ಅದನ್ನು ನೀವೇ ಕಂಡುಕೊಳ್ಳಬಹುದು. 30 ಸೆಂಟಿಮೀಟರಿನ ಅಳತೆಪಟ್ಟಿಯನ್ನು ತೋರುಬೆರಳಿನ ಮೇಲೆ ಅಡ್ಡಲಾಗಿ ಇಟ್ಟು ತೂಗಿಸಿ. ನಡುವೆ, 15ರ ಗೆರೆಯ ಹತ್ತಿರ, ಅದು ಸಮತೂಕಕ್ಕೆ ನಿಲ್ಲುತ್ತದೆ. ಈಗ ಒಂದು ಉಂಡೆ ಜೇಡಿಮಣ್ಣನ್ನು 5ರ ಗೆರೆಯ ಬಳಿ ಅಂಟಿಸಿ ಮತ್ತೆ ತೂಗಿಸಿ. ಬೆರಳನ್ನು ಮಣ್ಣಿನ ಕಡೆಗೆ ಸರಿಸಬೇಕಾಯಿತು, ಅಲ್ಲವೇ? ಕತ್ತಿಯಲ್ಲೂ ಹೀಗೆಯೇ. ಹಿಡಿಯ ಬಳಿ ಒಂದಿಷ್ಟು ತೂಕ ಸೇರಿದಾಗ ಇಡೀ ಕತ್ತಿಯ ಭಾರಕೇಂದ್ರ ಕೈಯ ಕಡೆಗೆ ಬರುತ್ತದೆ. ಆಗ ಉದ್ದನೆಯ ಕತ್ತಿಯೂ ಕೈಯಲ್ಲಿ ಹಗುರಾಗಿ ತಿರುಗುತ್ತದೆ.

ತ್ಸುಬಾವನ್ನು ಇನ್ನಷ್ಟು ಹತ್ತಿರದಿಂದ ನೋಡೋಣ. ನಡುವಿನ ತೂತು ದುಂಡಗಿಲ್ಲ. ಒಂದು ತುದಿ ಅಗಲ, ಇನ್ನೊಂದು ತುದಿ ಕಿರಿದು. ಅಲಗಿನ ಬಾಲ ತೂರಿ ಹೋಗುವ ದಾರಿ ಇದು. ಕತ್ತಿಯ ಬೆನ್ನು ದಪ್ಪ, ಬಾಯಿ ತೆಳು. ಆದ್ದರಿಂದಲೇ ತೂತಿಗೂ ಆ ಆಕಾರ. ಬಾಲ ಸಡಿಲವಾಗಿ ಗಡಗಡ ಅಲುಗಬಾರದೆಂದು ತೂತಿನ ತುದಿಗಳಲ್ಲಿ ಮೆತ್ತನೆಯ ತಾಮ್ರದ ತುಂಡುಗಳನ್ನು ಕೂರಿಸುತ್ತಿದ್ದರು. ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಎರಡೂ ಸವೆಯುತ್ತವೆ. ನಡುವೆ ತಾಮ್ರವಿದ್ದರೆ ಅದೇ ಬಗ್ಗಿ ಜಾಗ ಕೊಡುತ್ತದೆ. ಕೆಲವು ತ್ಸುಬಾಗಳಲ್ಲಿ ಪಕ್ಕದಲ್ಲಿ ಇನ್ನೆರಡು ತೂತುಗಳು ಕಾಣುತ್ತವೆ. ಅರ್ಧಚಂದ್ರದಂತಿರುವುದು ಒರೆಗೆ ಸಿಕ್ಕಿಸಿಕೊಳ್ಳುವ ಪುಟ್ಟ ಚಾಕುವಿಗೆ. ಮೂರೆಸಳಿನ ಹೂವಿನಂತಿರುವುದು ಕೂದಲು ಓರಣ ಮಾಡಿಕೊಳ್ಳುವ ಕಡ್ಡಿಗೆ. ಯುದ್ಧಕ್ಕೆ ಹೋಗುವವನಿಗೂ ತಲೆಗೂದಲಿನ ಚಿಂತೆ ಇತ್ತು!

ನಡುವಿನ ತೂತಿನ ಸುತ್ತ ಮೊಟ್ಟೆಯಾಕಾರದ ಜಾಗವನ್ನು ಸುಮ್ಮನೆ ಬಿಟ್ಟಿರುತ್ತಾರೆ. ಮಾಡಿದವನು ಅಲ್ಲಿ ಉಳಿಯಿಂದ ತನ್ನ ಹೆಸರು ಕೊರೆಯುತ್ತಿದ್ದ. 16ನೇ ಶತಮಾನದ ಸುಮಾರಿಗೆ ಬಾಳಿದ ಕನೆಯಿಯೆ ಎಂಬ ಕೆಲಸಗಾರ ಬರೀ ಹೆಸರು ಬರೆದು ಸುಮ್ಮನಾಗಲಿಲ್ಲ. ತಾನು ಯಮಾಶಿರೋ ಸೀಮೆಯ ಫುಶಿಮಿಯಲ್ಲಿ ವಾಸಿಸುವವನು ಎಂದು ವಿಳಾಸವನ್ನೂ ಸೇರಿಸಿದ. ಕತ್ತಿಗೆ ಜೋಡಿಸಿದ ಮೇಲೆ ಈ ಬರಹ ತೆಳು ತಗಡುಗಳ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಕತ್ತಿಯನ್ನು ಬಿಚ್ಚಿದವರಿಗೆ ಮಾತ್ರ ಅದು ಕಾಣುವುದು.

ಕೆಂಪು ತುಕ್ಕು, ಕಪ್ಪು ತುಕ್ಕು

ಮೊದಮೊದಲ ತ್ಸುಬಾಗಳಲ್ಲಿ ಹೆಚ್ಚಿನವು ಕಬ್ಬಿಣದವು. ಕಬ್ಬಿಣವೆಂದರೆ ತುಕ್ಕು ಹಿಡಿಯಲೇಬೇಕು. ಹಾಗಾದರೆ ನಾನೂರು, ಐನೂರು ವರ್ಷ ಹಳೆಯ ಬಿಲ್ಲೆಗಳು ಪುಡಿಪುಡಿಯಾಗದೆ ಹೇಗೆ ಉಳಿದವು?

ತುಕ್ಕಿನಲ್ಲೂ ಜಾತಿಗಳಿವೆ. ಮಳೆಯಲ್ಲಿ ನೆನೆದ ಗೇಟಿನ ಮೇಲೆ, ಹಳೆಯ ಮೊಳೆಯ ಮೇಲೆ ಕಾಣುವುದು ಕೆಂಪು ತುಕ್ಕು. ಕಬ್ಬಿಣ, ಗಾಳಿಯಲ್ಲಿರುವ ಆಮ್ಲಜನಕ ಮತ್ತು ನೀರು ಸೇರಿ ಹುಟ್ಟುವ ವಸ್ತು ಇದು. ಸಡಿಲವಾದ ಮಣ್ಣಿನ ಹಾಗೆ ಪುಡಿಯಾಗಿ ಉದುರುತ್ತದೆ. ಅದರ ಸಂದುಗಳಲ್ಲಿ ನೀರು, ಗಾಳಿ ಒಳಗಿಳಿದು ಅಡಿಯಲ್ಲಿರುವ ಕಬ್ಬಿಣವನ್ನೂ ತಿನ್ನುತ್ತವೆ. ಹೀಗೆ ಮೊಳೆ ಪೂರ್ತಿ ಕರಗುವ ತನಕ ಅದರ ಹಸಿವು ತೀರುವುದಿಲ್ಲ.

ಕಪ್ಪು ತುಕ್ಕು ಬೇರೆ ಬಗೆ. ಇದರಲ್ಲೂ ಇರುವುದು ಕಬ್ಬಿಣ ಮತ್ತು ಆಮ್ಲಜನಕವೇ. ಆದರೆ ಕಣಗಳು ಒತ್ತೊತ್ತಾಗಿ ಕೂತು ಲೋಹಕ್ಕೆ ಬಿಗಿಯಾಗಿ ಅಂಟಿಕೊಳ್ಳುತ್ತವೆ. ಅದನ್ನು ದಾಟಿ ಒಳಗೆ ಹೋಗುವುದು ನೀರಿಗೂ ಗಾಳಿಗೂ ಕಷ್ಟ. ದೋಸೆ ಹೊಯ್ದು ಹೊಯ್ದು ಪಳಗಿದ ಕಬ್ಬಿಣದ ಕಾವಲಿ ಕಪ್ಪಗಿರುತ್ತದಲ್ಲ, ಅದರ ಮೇಲಿನ ಪದರ ಮುಖ್ಯವಾಗಿ ಎಣ್ಣೆ ಕಾದು ಗಟ್ಟಿಯಾದದ್ದು. ವಸ್ತು ಬೇರೆಯಾದರೂ ಮಾಡುವ ಕೆಲಸ ಒಂದೇ: ಅಡಿಯ ಕಬ್ಬಿಣಕ್ಕೆ ಹೊದಿಕೆಯಾಗುವುದು.

ಜಪಾನಿನ ಕಮ್ಮಾರರು ತ್ಸುಬಾದ ಮೇಲೆ ಇಂಥ ಕಪ್ಪು ಹೊದಿಕೆ ಬೆಳೆಯುವಂತೆ ನೋಡಿಕೊಂಡರು. ಆಮೇಲೆ ತಲೆಮಾರುಗಟ್ಟಲೆ ಕೈಗಳು ಅದನ್ನು ಮುಟ್ಟಿದವು, ಹತ್ತಿಬಟ್ಟೆಗಳು ಒರೆಸಿದವು. ಹಾಗಾಗಿ ಒಳ್ಳೆಯ ಹಳೆಯ ತ್ಸುಬಾದ ಮೈ ನೇರಳೆ ಛಾಯೆಯ ಕಪ್ಪುಗಂದು. ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣ ನೆನಪಾಗುತ್ತದೆ.

ಕೆಲವು ಕಬ್ಬಿಣದ ತ್ಸುಬಾಗಳ ಅಂಚಿನಲ್ಲಿ ಬೆರಳಾಡಿಸಿದರೆ ಸಣ್ಣ ಗಂಟುಗಳು ತಾಗುತ್ತವೆ. ಇವನ್ನು ಜಪಾನೀಯರು ತೆಕ್ಕೊತ್ಸು, ಎಂದರೆ ಕಬ್ಬಿಣದ ಮೂಳೆ, ಎನ್ನುತ್ತಾರೆ. ಕುಲುಮೆಯಲ್ಲಿ ಕಾಯಿಸಿ ಬಡಿದು ಮಾಡಿದ ಕಬ್ಬಿಣದಲ್ಲಿ ಇಂಗಾಲ ಎಲ್ಲ ಕಡೆ ಒಂದೇ ಸಮ ಹರಡಿರುವುದಿಲ್ಲ. ಇಂಗಾಲ ಹೆಚ್ಚಿರುವ ಜಾಗ ಗಟ್ಟಿ, ಕಡಿಮೆ ಇರುವ ಜಾಗ ಮೆದು. ಮೆದುವಾದದ್ದು ಬೇಗ ತಗ್ಗುತ್ತದೆ, ಬೇಗ ಸವೆಯುತ್ತದೆ. ಗಟ್ಟಿಯಾದದ್ದು ಗಂಟಾಗಿ ಉಳಿಯುತ್ತದೆ. ಅರ ಹಾಕಿ ಅದನ್ನು ನುಣುಪು ಮಾಡಬಹುದಿತ್ತು. ಆದರೆ ಅವರು ಅದನ್ನು ಕುಂದು ಎಂದುಕೊಳ್ಳಲಿಲ್ಲ. ಕಬ್ಬಿಣ ತನ್ನ ಒಳಗನ್ನು ತಾನೇ ತೋರಿಸುತ್ತಿದೆ ಎಂದು ಹಾಗೆಯೇ ಬಿಟ್ಟರು.

ಬಿಲ್ಲೆಯನ್ನು ಕತ್ತರಿಸಿ ಜಾಲರಿಯಂತೆ ಮಾಡುವ ಕೆಲಸಕ್ಕೆ ಸುಕಾಶಿ ಎಂದು ಹೆಸರು. ಮೊದಲು ಕೊರೆದು ತೂತು ಮಾಡುವುದು, ಬೇಡದ ಭಾಗವನ್ನು ಕತ್ತರಿಸಿ ತೆಗೆಯುವುದು, ಆಮೇಲೆ ಒಳ ಅಂಚುಗಳನ್ನು ಸಣ್ಣ ಅರಗಳಿಂದ ಉಜ್ಜಿ ನಯ ಮಾಡುವುದು. ಕೆಲವು ತ್ಸುಬಾಗಳಲ್ಲಿ ಬೆಳ್ಳಕ್ಕಿಗಳಂತೆ ಸಾಲಾಗಿ ಹಾರುವ ಬಾತುಗಳು, ಬಿದಿರೆಲೆಗಳು, ಹುಲ್ಲಿನ ಎಳೆಗಳು ಕಡ್ಡಿಯಷ್ಟು ತೆಳುವಾಗಿ ಉಳಿದುಕೊಂಡಿವೆ. ನಮಗೆ ಕಾಣುವ ಚಿತ್ರದಲ್ಲಿ ಅರ್ಧ ಕಬ್ಬಿಣ, ಅರ್ಧ ಖಾಲಿ ಜಾಗ. ತೂಕವೂ ಇಳಿಯಿತು, ಅಂದವೂ ಬಂತು.

ಒಂದೇ ನೀರು, ಹಲವು ಬಣ್ಣ

ಕಾಲ ಕಳೆದಂತೆ ಜಪಾನಿನಲ್ಲಿ ಕದನಗಳು ಕಡಿಮೆಯಾದವು. 17ನೇ ಶತಮಾನದ ಆರಂಭದಿಂದ ಇನ್ನೂರೈವತ್ತು ವರ್ಷಗಳಷ್ಟು ಕಾಲ ಎದೊ ಆಳ್ವಿಕೆಯಲ್ಲಿ ದೇಶ ಬಹುಮಟ್ಟಿಗೆ ಶಾಂತವಾಗಿತ್ತು. ಸೊಂಟದಲ್ಲಿ ಕತ್ತಿ ಇತ್ತು, ಆದರೆ ಅದು ಒರೆಯಿಂದ ಹೊರಬರುವ ಸಂದರ್ಭ ಕಡಿಮೆ. ಈಗ ತ್ಸುಬಾ ಪೆಟ್ಟು ತಡೆಯುವುದಕ್ಕಿಂತ ಹೆಚ್ಚಾಗಿ ಒಡೆಯನ ಅಭಿರುಚಿ ತೋರಿಸುವ ಒಡವೆಯಾಯಿತು. ಕಬ್ಬಿಣದ ಜೊತೆಗೆ ತಾಮ್ರ, ಹಿತ್ತಾಳೆ, ಬೆಳ್ಳಿ, ಚಿನ್ನ ಬಂದವು. ಕಮ್ಮಾರನ ಜಾಗಕ್ಕೆ ಅಕ್ಕಸಾಲಿಯಂಥ ಕುಶಲಕರ್ಮಿ ಬಂದ.

ಇವರ ಕೈಯಲ್ಲಿ ಎರಡು ವಿಶೇಷ ಮಿಶ್ರಲೋಹಗಳಿದ್ದವು. ಮೊದಲನೆಯದು ಶಾಕುದೊ. ಇದು ತಾಮ್ರಕ್ಕೆ ಒಂದಿಷ್ಟೇ ಚಿನ್ನ ಬೆರೆಸಿದ್ದು; 100 ಗ್ರಾಂ ಲೋಹದಲ್ಲಿ ಚಿನ್ನ ಸುಮಾರು 4 ಗ್ರಾಂ. ಎರಡನೆಯದು ಶಿಬುಇಚಿ. ಇದು ತಾಮ್ರಕ್ಕೆ ಬೆಳ್ಳಿ ಬೆರೆಸಿದ್ದು. ಶಿಬುಇಚಿ ಎಂದರೆ ನಾಲ್ಕರಲ್ಲಿ ಒಂದು ಪಾಲು, ನಮ್ಮ ಮಾತಿನಲ್ಲಿ ಕಾಲುಭಾಗ. ಬೆಳ್ಳಿಯ ಪಾಲು ಎಷ್ಟೆಂದು ಹೆಸರೇ ಹೇಳುತ್ತದೆ, ಆದರೂ ಕೆಲಸಗಾರರು ಅದನ್ನು ಹೆಚ್ಚು ಕಡಿಮೆ ಮಾಡಿಕೊಳ್ಳುತ್ತಿದ್ದರು.

ಶಾಕುದೊ ಎಂಬ ಪದದ ಅರ್ಥ ಕೆಂಪು ತಾಮ್ರ. ಆದರೆ ಮುಗಿದ ತ್ಸುಬಾದಲ್ಲಿ ಅದು ಕಪ್ಪು! ಬರೀ ಕಪ್ಪಲ್ಲ, ನೀಲಿ ನೇರಳೆ ಮಿಂಚುವ ಕಪ್ಪು. ಮಳೆಯಲ್ಲಿ ನೆನೆದ ಕಾಗೆ ರೆಕ್ಕೆ ಕೊಡವಿದಾಗ ಮಿನುಗುವ ಬಣ್ಣಕ್ಕೆ ಅದನ್ನು ಹೋಲಿಸುವುದುಂಟು. ಕೆಂಪಾಗಿದ್ದದ್ದು ಕಪ್ಪಾದದ್ದು ಹೇಗೆ?

ಇಲ್ಲಿದೆ ಕಿಲುಬಿನ ವಿದ್ಯೆ. ಮೊದಲು ಬಿಲ್ಲೆಯನ್ನು ಇದ್ದಿಲ ಪುಡಿಯಂಥ ನಯವಾದ ಪುಡಿಗಳಿಂದ ಉಜ್ಜಿ ಎಣ್ಣೆ, ಜಿಡ್ಡು, ಬೆರಳ ಗುರುತು ಒಂದೂ ಉಳಿಯದಂತೆ ತೊಳೆಯುತ್ತಾರೆ. ಬೆರಳು ತಾಗಿದ ಕಡೆ ಬಣ್ಣ ಸಮವಾಗಿ ಬಾರದು. ಆಮೇಲೆ ಮೂಲಂಗಿಯನ್ನು ತುರಿದು ಆ ತುರಿಯಲ್ಲಿ ಬಿಲ್ಲೆಯನ್ನು ಅದ್ದುತ್ತಾರೆ. ಹೌದು, ಸಾಂಬಾರಿಗೆ ಹಾಕುವ ಅದೇ ಬಿಳಿ ಮೂಲಂಗಿ! ಕಲೆ ಬೀಳದೆ ಬಣ್ಣ ಒಂದೇ ಸಮ ಏರಲು ಇದು ನೆರವಾಗುತ್ತದೆ. ಕೂಡಲೇ ಅದನ್ನು ಕುದಿಯುವ ಬಾಣಲೆಗೆ ಇಳಿಬಿಡುತ್ತಾರೆ. ಬಾಣಲೆಯಲ್ಲಿರುವುದು ನೀರು ಮತ್ತು ರೊಕುಶೊ. ರೊಕುಶೊ ಎಂದರೇನು ಗೊತ್ತೇ? ತಾಮ್ರದ ಹಸಿರು ಕಿಲುಬು! ಅದರ ಜೊತೆಗೆ ಮೈಲುತುತ್ತದಂಥ ಲವಣವೂ ಸೇರುತ್ತದೆ. ಮೊಸರಿಗೆ ಹೆಪ್ಪು ಇದ್ದ ಹಾಗೆ, ಹೊಸ ಕಿಲುಬು ಬೆಳೆಸಲು ಹಳೆಯ ಕಿಲುಬಿನ ಸಹಾಯ.

ಕುದಿಯುತ್ತ ಕುದಿಯುತ್ತ ತಾಮ್ರದ ಮೇಲೆ ತೆಳುವಾದ ಆಕ್ಸೈಡ್ ಪದರ ಮೂಡುತ್ತದೆ. ನಮ್ಮ ತಲೆಗೂದಲಿಗಿಂತ ಅದು ಎಷ್ಟೋ ಪಟ್ಟು ತೆಳು. ಶುದ್ಧ ತಾಮ್ರವಾದರೆ ಈ ಪದರ ಕೆಂಪುಗಂದು. ಶಾಕುದೊ ಆದರೆ ಪದರದೊಳಗೆ ಚಿನ್ನದ ಅತಿ ಸಣ್ಣ ಕಣಗಳು ಸಿಕ್ಕಿಕೊಳ್ಳುತ್ತವೆ. ಬಿದ್ದ ಬೆಳಕನ್ನು ಆ ಪದರ ಬಹಳಷ್ಟು ನುಂಗಿಬಿಡುತ್ತದೆ. ನಮ್ಮ ಕಣ್ಣಿಗೆ ಅದು ಕಾಗೆಗಪ್ಪು. ಶಿಬುಇಚಿ ಮಳೆಮೋಡದ ಬೂದು ಬಣ್ಣಕ್ಕೆ ತಿರುಗುತ್ತದೆ. ಚಿನ್ನಕ್ಕೆ ಆ ನೀರಿನಿಂದ ಏನೂ ಆಗುವುದಿಲ್ಲ, ಅದು ಹಳದಿಯಾಗಿಯೇ ಇರುತ್ತದೆ. ಬೆಳ್ಳಿಯೂ ಬೆಳ್ಳಗೇ ಉಳಿಯುತ್ತದೆ.

ಈಗ ಒಂದೇ ಬಿಲ್ಲೆಯಲ್ಲಿ ಈ ಎಲ್ಲ ಲೋಹಗಳೂ ಇವೆ ಎಂದುಕೊಳ್ಳಿ. ನೆಲ ಶಾಕುದೊ, ಮೋಡ ಶಿಬುಇಚಿ, ಚಂದ್ರ ಬೆಳ್ಳಿ, ಹುಲ್ಲಿನ ಎಳೆ ಚಿನ್ನ, ಹಣ್ಣು ತಾಮ್ರ. ಕುದಿನೀರಿಗೆ ಬೀಳುವ ಮುಂಚೆ ಶಾಕುದೊವಿಗೂ ತಾಮ್ರಕ್ಕೂ ಹೆಚ್ಚು ವ್ಯತ್ಯಾಸ ಕಾಣದು, ಚಿತ್ರ ಅರ್ಧ ಮರೆಯಾಗಿರುತ್ತದೆ. ಬಾಣಲೆಯಿಂದ ಮೇಲೆತ್ತಿದಾಗ ಒಂದೇ ನೀರಿನಲ್ಲಿ ಮಿಂದ ಲೋಹಗಳು ತಮ್ಮ ತಮ್ಮ ಸ್ವಭಾವದಂತೆ ಬೇರೆ ಬೇರೆ ಬಣ್ಣ ಪಡೆದು ಬಂದಿರುತ್ತವೆ. ರಾತ್ರಿ ಕಪ್ಪಾಯಿತು, ಮೋಡ ಬೂದಾಯಿತು, ಚಂದ್ರ ಬೆಳಗಿದ!

ಇದನ್ನು ಕಂಡು ಬೆರಗಾದವರಲ್ಲಿ ಬ್ರಿಟನ್ನಿನ ಟಂಕಸಾಲೆಯ ರಸಾಯನಶಾಸ್ತ್ರಜ್ಞ ವಿಲಿಯಂ ರಾಬರ್ಟ್ಸ್-ಆಸ್ಟೆನ್ ಒಬ್ಬರು. ಉಕ್ಕಿನ ಒಂದು ರೂಪಕ್ಕೆ ಆಸ್ಟೆನೈಟ್ ಎಂಬ ಹೆಸರು ಬಂದದ್ದು ಇವರಿಂದಲೇ. 19ನೇ ಶತಮಾನದ ಕೊನೆಯಲ್ಲಿ ಅವರು ಜಪಾನಿನ ಈ ಮಿಶ್ರಲೋಹಗಳ ಬಣ್ಣವನ್ನು ಅಭ್ಯಾಸ ಮಾಡಿ ಉಪನ್ಯಾಸಗಳನ್ನು ಕೊಟ್ಟರು. ಚಿಟಿಕೆ ಚಿನ್ನ ತಾಮ್ರದ ಕಿಲುಬಿನ ಬಣ್ಣವನ್ನೇ ಬದಲಿಸಿಬಿಡುತ್ತದೆ ಎಂಬುದು ಅಚ್ಚರಿಯ ಸಂಗತಿಯಲ್ಲವೇ?

ಇಂಥ ಜಾಣತನ ನಮ್ಮ ಬೀದರಿನಲ್ಲೂ ಇದೆ. ಬಿದರಿ ಹೂದಾನಿಯ ಮೈ ಸತುವಿನದು, ಜೊತೆಗೆ ಸ್ವಲ್ಪ ತಾಮ್ರ. ಮೊದಲಿಗೆ ಬೂದು ಬಣ್ಣವಿರುವ ಅದರಲ್ಲಿ ಬೆಳ್ಳಿಯ ತಂತಿ ಕೂರಿಸಿ, ಬೀದರ್ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿ ಬಿಸಿಯಾಗಿ ಬಳಿಯುತ್ತಾರೆ. ಹೂದಾನಿ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ನಗುತ್ತದೆ. ಲೋಹ ಬೇರೆ, ಮದ್ದು ಬೇರೆ. ಕಿಲುಬನ್ನೇ ಬಣ್ಣವಾಗಿಸುವ ಬುದ್ಧಿ ಮಾತ್ರ ಎರಡು ಕಡೆಯೂ ಒಂದೇ.

ಚಿನ್ನ ಅಂಟಿಕೊಳ್ಳುವುದು ಹೇಗೆ?

ಕಬ್ಬಿಣದ ಮೇಲೆ ಚಿನ್ನದ ಚಿತ್ರ ನಿಲ್ಲಿಸಲು ಅಂಟು ಬಳಸುತ್ತಿರಲಿಲ್ಲ. ಒಂದು ದಾರಿ ಹೀಗೆ: ಉಳಿಯಿಂದ ಕಿರುಗಾಲುವೆ ತೋಡುವುದು. ಅದರ ಬಾಯಿ ಕಿರಿದು, ತಳ ಅಗಲ. ಅದರಲ್ಲಿ ಚಿನ್ನದ ತಂತಿ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ, ಮೆದುವಾದ ಚಿನ್ನ ತಳದಲ್ಲಿ ಹರಡಿಕೊಳ್ಳುತ್ತದೆ. ಇನ್ನು ಹೊರಗೆ ಬರುವುದು ಹೇಗೆ? ಮಡಕೆಯೊಳಗೆ ಮುಷ್ಟಿ ಬಿಗಿದ ಕೋತಿಯ ಕೈಯಂತೆ ಸಿಕ್ಕಿಕೊಂಡೇ ಇರುತ್ತದೆ.

ಇನ್ನೊಂದು ದಾರಿಯ ಹೆಸರು ನುನೊಮೆ, ಬಟ್ಟೆಯ ನೇಯ್ಗೆ ಎಂದು ಅರ್ಥ. ಉಳಿಯಿಂದ ಕಬ್ಬಿಣದ ಮೇಲೆ ಅಡ್ಡ ಉದ್ದ ಒತ್ತೊತ್ತಾಗಿ ಗೆರೆ ಕೊರೆದು ಒರಟು ಮಾಡುತ್ತಾರೆ. ಅದರ ಮೇಲೆ ಚಿನ್ನದ ತೆಳು ಹಾಳೆ ಇಟ್ಟು ಬಡಿದರೆ ಆ ಕಚ್ಚುಗಳು ಚಿನ್ನವನ್ನು ಹಿಡಿದುಕೊಳ್ಳುತ್ತವೆ. ಮನೆ ಕಟ್ಟುವಾಗ ಗಾರೆಯವರು ನುಣುಪಾದ ಕಾಂಕ್ರೀಟ್ ಕಂಬವನ್ನು ಕೊಚ್ಚಿ ಕೊಚ್ಚಿ ಒರಟು ಮಾಡಿ, ಆಮೇಲೆ ಗಿಲಾವು ಹಾಕುವುದನ್ನು ನೋಡಿದ್ದೀರಾ? ಅದೇ ಉಪಾಯ.

ಮೀನಿನ ಮೊಟ್ಟೆಗಳ ಸಾಲು

ಶಾಕುದೊ ತ್ಸುಬಾಗಳಲ್ಲಿ ಕೆಲವದರ ನೆಲ ಮರಳು ಚೆಲ್ಲಿದಂತೆ ಕಾಣುತ್ತದೆ. ಭೂತಗನ್ನಡಿ ಹಿಡಿದರೆ ಗೊತ್ತಾಗುತ್ತದೆ: ಅದು ಮರಳಲ್ಲ, ಸಾಲು ಸಾಲಾಗಿ ಕೂತ ಗುಂಡನೆಯ ಪುಟ್ಟ ಪುಟ್ಟ ಗುಬ್ಬಿಗಳು. ಇದಕ್ಕೆ ನನಾಕೊ ಎಂದು ಹೆಸರು, ಮೀನಿನ ಮೊಟ್ಟೆ ಎಂಬ ಅರ್ಥದಲ್ಲಿ. ತುದಿಯಲ್ಲಿ ಬಟ್ಟಲಿನಂತೆ ಕುಳಿ ಇರುವ ಸಣ್ಣ ಚಾಣವನ್ನು ಲೋಹದ ಮೇಲೆ ನಿಲ್ಲಿಸಿ ಸುತ್ತಿಗೆಯಿಂದ ಒಂದು ಪೆಟ್ಟು, ಒಂದು ಗುಬ್ಬಿ. ಪಕ್ಕಕ್ಕೆ ಸರಿಸಿ ಇನ್ನೊಂದು ಪೆಟ್ಟು, ಇನ್ನೊಂದು ಗುಬ್ಬಿ.

ಒಂದು ಲೆಕ್ಕ ಮಾಡೋಣ. ಒಂದು ಗುಬ್ಬಿಯ ಅಗಲ ಅರ್ಧ ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಒಂದು ಸೆಂಟಿಮೀಟರ್ ಉದ್ದದಲ್ಲಿ 20 ಗುಬ್ಬಿ. ಒಂದು ಚದರ ಸೆಂಟಿಮೀಟರಿನಲ್ಲಿ 20 ಗುಣಿಸು 20, ಎಂದರೆ 400. ತೂತು, ಅಂಚು, ಹೆಸರಿನ ಜಾಗ ಎಲ್ಲ ಬಿಟ್ಟು ತ್ಸುಬಾದ ಒಂದು ಮುಖದಲ್ಲಿ 25 ಚದರ ಸೆಂಟಿಮೀಟರ್ ಉಳಿಯಿತು ಎಂದುಕೊಂಡರೂ 10,000 ಪೆಟ್ಟು. ಹಿಂಬದಿಗೆ ಇನ್ನೊಂದು 10,000. ಅದರಲ್ಲಿ ಒಂದು ಪೆಟ್ಟು ಕೊಂಚ ಜೋರಾದರೆ, ಒಂದು ಸಾಲು ಕೊಂಚ ವಾಲಿದರೆ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ. ಅಳಿಸಲು ರಬ್ಬರ್ ಇಲ್ಲ!

ಇಷ್ಟು ಕಷ್ಟಪಟ್ಟದ್ದು ಯಾಕೆ? ನುಣುಪಾದ ಕಪ್ಪು ಮೈ ಕನ್ನಡಿಯಂತೆ ಬೆಳಕನ್ನು ಒಂದೇ ದಿಕ್ಕಿಗೆ ಎಸೆಯುತ್ತದೆ. ಸಾವಿರಾರು ಗುಂಡು ಗುಬ್ಬಿಗಳು ಬೆಳಕನ್ನು ಎಲ್ಲ ದಿಕ್ಕಿಗೂ ಹಂಚುತ್ತವೆ. ಆಗ ನೆಲ ಮೃದುವಾದ ಮಖಮಲ್ಲಿನಂತೆ ಕಾಣುತ್ತದೆ. ಅದರ ಮೇಲಿನ ಚಿನ್ನದ ಚಿತ್ರ ಎದ್ದು ನಿಲ್ಲುತ್ತದೆ.

ಲೋಹದ ಚಿರೋಟಿ

ಚಿರೋಟಿಯ ಪದರಗಳನ್ನು ಎಣಿಸಿದ್ದೀರಾ? ಹಿಟ್ಟಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು, ಸುರುಳಿ ಸುತ್ತಿ, ಕತ್ತರಿಸಿ ಲಟ್ಟಿಸಿದಾಗ ಸುಳಿಸುಳಿಯ ಗೆರೆ ಬರುತ್ತದೆ. ಅಕಿತಾ ಎಂಬ ಊರಿನ ಶೊಆಮಿ ದೆನ್‌ಬೆ ಎಂಬ ಕುಶಲಕರ್ಮಿ ಲೋಹದಲ್ಲಿ ಇಂಥದ್ದನ್ನೇ ಮಾಡಿದ. ಅವನ ಕಾಲ 1651ರಿಂದ 1728. ತಾಮ್ರ, ಶಾಕುದೊ, ಬೆಳ್ಳಿಯಂಥ ಲೋಹಗಳ ತಗಡುಗಳನ್ನು ಒಂದರ ಮೇಲೊಂದು ಪೇರಿಸಿ ಹದವಾಗಿ ಕಾಯಿಸುವುದು. ಪೂರ್ತಿ ಕರಗಬಾರದು, ತಗಡುಗಳು ಒಂದನ್ನೊಂದು ಬಿಗಿಯಾಗಿ ಒತ್ತಿಕೊಂಡು ಕಾದಾಗ, ಒಂದರ ಪರಮಾಣುಗಳು ಇನ್ನೊಂದರೊಳಗೆ ನುಸುಳಿ ಗಡಿ ಬೆಸೆದುಕೊಳ್ಳುತ್ತದೆ. ಆ ಗಟ್ಟಿಯಲ್ಲಿ ಅಲ್ಲಲ್ಲಿ ಕುಳಿ ತೋಡಿ ಬಡಿದು ಚಪ್ಪಟೆ ಮಾಡಿದರೆ ಅಡಿಯ ಪದರಗಳು ಮೇಲೆ ಬರುತ್ತವೆ. ಕಿಲುಬಿನ ನೀರಿನಲ್ಲಿ ಮಿಂದ ಮೇಲೆ ನೋಡಿದರೆ ಕೊಯ್ದ ಮರದ ಹಲಗೆಯಲ್ಲಿ ಕಾಣುವಂಥ ಗೆರೆಗಳು! ಇದರ ಹೆಸರೇ ಮೊಕುಮೆ ಗಾನೆ, ಮರದ ಗೆರೆಯ ಲೋಹ. ಇವತ್ತಿಗೂ ಉಂಗುರ ಮಾಡುವವರು ಈ ವಿದ್ಯೆಯನ್ನು ಬಳಸುತ್ತಾರೆ.

ಚಿಟ್ಟೆ, ಮೊಲ, ಹಿಮದ ಹೂವು

ತ್ಸುಬಾಗಳ ಮೇಲೆ ಯುದ್ಧದ ಚಿತ್ರಗಳಷ್ಟೇ ಇರುತ್ತವೆ ಎಂದುಕೊಂಡರೆ ತಪ್ಪು. ಅಲ್ಲಿ ಚೆರ್ರಿ ಹೂವು ಉದುರುತ್ತದೆ, ಕೊಕ್ಕರೆ ಹಾರುತ್ತದೆ, ಆಮೆ ಈಜುತ್ತದೆ, ಏಡಿ ಅಡ್ಡಡ್ಡ ನಡೆಯುತ್ತದೆ. ಪೈನ್, ಬಿದಿರು, ಪ್ಲಮ್ ಹೂವು ಮೂರೂ ಸೇರಿದ ಚಿತ್ರ ಅವರಿಗೆ ಬಹಳ ಇಷ್ಟ. ಚಳಿಗೆ ಬೆದರದ ಮೂವರು ಗೆಳೆಯರಂತೆ ಅವು.

ಏರೋಪ್ಲೇನ್ ಚಿಟ್ಟೆಯೂ ಉಂಟು. ಜಪಾನೀಯರು ಅದನ್ನು ಕಾಚಿಮುಶಿ, ಎಂದರೆ ಗೆಲುವಿನ ಹುಳ, ಎಂದರು. ಅದು ಮುಂದಕ್ಕೆ ಮಾತ್ರ ಹಾರುತ್ತದೆ, ಹಿಂದೆ ಸರಿಯುವುದಿಲ್ಲ ಎಂದು ನಂಬಿದ್ದರಿಂದ ಯೋಧರಿಗೆ ಅದು ಶುಭ ಚಿಹ್ನೆಯಾಯಿತು. ಆದರೆ ವಿಜ್ಞಾನ ಬೇರೆಯದೇ ಹೇಳುತ್ತದೆ. ಏರೋಪ್ಲೇನ್ ಚಿಟ್ಟೆಯ ನಾಲ್ಕು ರೆಕ್ಕೆಗಳೂ ಬೇರೆ ಬೇರೆಯಾಗಿ ಅಲುಗಬಲ್ಲವು. ಅದು ಗಾಳಿಯಲ್ಲಿ ನಿಂತಲ್ಲೇ ನಿಲ್ಲಬಲ್ಲದು, ಬೇಕೆಂದರೆ ಹಿಂದಕ್ಕೂ ಹಾರಬಲ್ಲದು. ಮಳೆಗಾಲ ಕಳೆದ ಮೇಲೆ ಕೆರೆ ದಂಡೆಯಲ್ಲಿ ಕೂತು ನೀವೇ ನೋಡಿ.

ಅಲೆಗಳ ಮೇಲೆ ಓಡುವ ಮೊಲ ಇನ್ನೊಂದು ಮುದ್ದಾದ ಚಿತ್ರ. ನೀರಿನ ಮೇಲೆ ಮೊಲವೇ? ನಮ್ಮ ಹಾಗೆ ಜಪಾನೀಯರಿಗೂ ಹುಣ್ಣಿಮೆ ಚಂದ್ರನಲ್ಲಿ ಮೊಲ ಕಾಣುತ್ತದೆ. ಚಂದ್ರನ ಬೆಳಕು ಅಲೆಯ ಮೇಲೆ ಬಿದ್ದಾಗ ಅಲ್ಲಿನ ಮೊಲವೂ ಅಲೆಯ ಮೇಲೆ ಇಳಿದು ಓಡಿತು.

ನನಗೆ ಎಲ್ಲಕ್ಕಿಂತ ಅಚ್ಚುಮೆಚ್ಚು ಹಿಮದ ಹರಳಿನ ಚಿತ್ರ. ಅದರ ಹಿಂದೆ ಒಬ್ಬ ವಿಜ್ಞಾನಪ್ರೇಮಿ ದೊರೆಯ ಕಥೆ ಇದೆ. ಕೊಗಾ ಎಂಬ ಸಂಸ್ಥಾನವನ್ನು ಆಳುತ್ತಿದ್ದ ದೊಇ ತೊಶಿತ್ಸುರಾ ಹುಟ್ಟಿದ್ದು 1789ರಲ್ಲಿ. ಆಗ ಯುರೋಪಿನವರಲ್ಲಿ ಡಚ್ಚರಿಗೆ ಮಾತ್ರ ಜಪಾನಿನೊಡನೆ ವ್ಯಾಪಾರಕ್ಕೆ ಅನುಮತಿ ಇತ್ತು. ಅವರ ಮೂಲಕ ಬಂದ ಸೂಕ್ಷ್ಮದರ್ಶಕ ಈ ದೊರೆಯ ಕೈಸೇರಿತು. ಹಿಮ ಬೀಳುವ ದಿನ ಅವರು ಮೊದಲೇ ತಣ್ಣಗೆ ಮಾಡಿಟ್ಟ ಕಪ್ಪು ಬಟ್ಟೆ ಹಿಡಿದು, ಬಿದ್ದ ಹರಳನ್ನು ಉಸಿರು ತಾಗದಂತೆ ಸೂಕ್ಷ್ಮದರ್ಶಕದಡಿ ಇಟ್ಟು ನೋಡುತ್ತಿದ್ದರು. ಬೆಚ್ಚಗಿನ ಉಸಿರು ಒಂದು ಸಲ ತಾಗಿದರೂ ಸಾಕು, ಹರಳು ನೀರಾಗಿಬಿಡುತ್ತದೆ! ಹೀಗೆ ವರ್ಷಗಟ್ಟಲೆ ನೋಡಿ ಬರೆದ 86 ಹರಳುಗಳ ಚಿತ್ರಗಳನ್ನು 1832ರಲ್ಲಿ ‘ಸೆಕ್ಕಾ ಜುಸೆತ್ಸು’ ಎಂಬ ಪುಸ್ತಕವಾಗಿ ಹೊರತಂದರು. ಜನ ಅವರನ್ನು ಹಿಮದ ದೊರೆ ಎಂದೇ ಕರೆದರು. ಆಮೇಲೆ ಆ ಆರು ಕೈಗಳ ಹೂವುಗಳು ಬಟ್ಟೆಗೆ ಬಂದವು, ಬಟ್ಟಲಿಗೆ ಬಂದವು, ಕತ್ತಿಯ ತ್ಸುಬಾಕ್ಕೂ ಬಂದವು.

ಹಿಮದ ಹೂವಿಗೆ ಸಾಮಾನ್ಯವಾಗಿ ಆರೇ ಕೈ ಏಕೆ? ನೀರಿನ ಅಣುಗಳು ಹೆಪ್ಪುಗಟ್ಟುವಾಗ ಒಂದಕ್ಕೊಂದು ಕೈಹಿಡಿದು ಆರು ಮೂಲೆಯ ಉಂಗುರಗಳಾಗಿ ಜೋಡಿಸಿಕೊಳ್ಳುತ್ತವೆ. ಜೇನುಗೂಡಿನ ಕೋಣೆಗಳ ಹಾಗೆ. ಹರಳು ಮೋಡದಲ್ಲಿ ತೇಲುತ್ತ ಬೆಳೆಯುವಾಗ ಆ ಆರು ಮೂಲೆಗಳಿಂದಲೇ ಕೈ ಚಾಚುತ್ತದೆ. ಅಲ್ಲಿನ ಚಳಿ ಎಷ್ಟು, ತೇವ ಎಷ್ಟು ಎಂಬುದರ ಮೇಲೆ ಕೈಗಳ ಕುಸುರಿ ಬದಲಾಗುತ್ತದೆ. ದೊರೆ ಕಣ್ಣಾರೆ ಕಂಡು ಬರೆದದ್ದನ್ನು ಮುಂದೆ ನಕಾಯಾ ಉಕಿಚಿರೊ ಎಂಬ ವಿಜ್ಞಾನಿ ಹೊಕ್ಕೈದೊ ವಿಶ್ವವಿದ್ಯಾಲಯದಲ್ಲಿ ಪ್ರಯೋಗ ಮಾಡಿ ತಿಳಿದುಕೊಂಡರು. 1936ರಲ್ಲಿ ಅವರು ಜಗತ್ತಿನಲ್ಲೇ ಮೊದಲ ಬಾರಿಗೆ ಪ್ರಯೋಗಾಲಯದಲ್ಲಿ ಹಿಮದ ಹರಳು ಬೆಳೆಸಿದರು. ಹರಳು ಕೂತದ್ದು ಯಾವುದರ ಮೇಲೆ ಗೊತ್ತೇ? ಮೊಲದ ಒಂದು ಕೂದಲ ಮೇಲೆ!

ಕತ್ತಿ ಕೆಳಗಿಟ್ಟ ಮೇಲೆ

1876ರಲ್ಲಿ ಜಪಾನಿನ ಸರ್ಕಾರ ಸಮುರಾಯಿಗಳೂ ಕತ್ತಿ ಧರಿಸಿ ಓಡಾಡಬಾರದೆಂದು ಆಜ್ಞೆ ಹೊರಡಿಸಿತು. ಕತ್ತಿ ಸೊಂಟದಿಂದ ಇಳಿಯಿತು. ತ್ಸುಬಾ ಮಾಡುವವರ ಕೈಗೆ ಕೆಲಸ ತಪ್ಪಿತು. ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ಬಂದ ವಿದ್ಯೆ ಏನಾಗಬೇಕು?

ಕಾನೊ ನತ್ಸುಒ ಎಂಬ ಹೆಸರಾಂತ ಕೆಲಸಗಾರರ ಬದುಕು ಇದಕ್ಕೆ ಉತ್ತರ. 1828ರಲ್ಲಿ ಹುಟ್ಟಿದ ಅವರು ತ್ಸುಬಾ ಕೊರೆಯುವುದರಲ್ಲಿ ನಿಪುಣರು. ಎದೊ ಆಳ್ವಿಕೆ ಮುಗಿದ ಮೇಲೆ ಬಂದ ಹೊಸ ಸರ್ಕಾರ, ಈ ಆಜ್ಞೆಗೂ ಮುಂಚೆಯೇ, ಹೊಸ ನಾಣ್ಯಗಳನ್ನು ತರಲು ಹೊರಟಾಗ ಆ ಚಿತ್ರಗಳನ್ನು ಕೊರೆಯುವ ಕೆಲಸ ಅವರಿಗೆ ಬಂತು. ಯೋಧನೊಬ್ಬನ ಕೈಯಲ್ಲಿರುತ್ತಿದ್ದ ಕುಸುರಿ ಈಗ ಎಲ್ಲರ ಜೇಬಿಗೂ ಬಂತು. ಮುಂದೆ ಅವರು ಟೋಕಿಯೊದ ಕಲಾಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ಲೋಹದ ಕೆಲಸ ಕಲಿಸಿದರು.

ತ್ಸುಬಾಗಳು ಕತ್ತಿಯಿಂದ ಬೇರೆಯಾಗಿ ಜಗತ್ತಿನ ನಾನಾ ಕಡೆ ಹೋದವು. ಟೋಕಿಯೊದ ರಾಷ್ಟ್ರೀಯ ಸಂಗ್ರಹಾಲಯ, ಅಮೆರಿಕದ ಬಾಸ್ಟನ್ ಕಲಾ ಸಂಗ್ರಹಾಲಯ, ಆಕ್ಸ್‌ಫರ್ಡಿನ ಆಶ್‌ಮೋಲಿಯನ್ ಮುಂತಾದೆಡೆ ಇವತ್ತು ಅವನ್ನು ನೋಡಬಹುದು. ಕೆಲವರ ಮನೆಯಲ್ಲಿ ಸಿಕ್ಕವನ್ನು, ಪಾಪ, ಕೊಳೆ ಎಂದುಕೊಂಡು ಪಾಲಿಷ್ ಹಾಕಿ ಫಳಫಳ ಹೊಳೆಯಿಸಿದ್ದೂ ಉಂಟು. ಮುನ್ನೂರು ವರ್ಷದ ಬಣ್ಣ ಹತ್ತು ನಿಮಿಷದಲ್ಲಿ ಹೋಯಿತು! ತಿಳಿದವರು ಹಾಗೆ ಮಾಡುವುದಿಲ್ಲ. ಕೆಂಪು ತುಕ್ಕು ಮಾತ್ರ ಕಂಡಲ್ಲಿ ಜಿಂಕೆ ಕೊಂಬಿನ ತುಂಡಿನಿಂದ ಮೆಲ್ಲಗೆ ಉಜ್ಜುತ್ತಾರೆ. ಕೊಂಬು ಕಬ್ಬಿಣಕ್ಕಿಂತ ಮೆದು. ಸಡಿಲವಾದ ಕೆಂಪು ಉದುರುತ್ತದೆ, ಬಿಗಿಯಾದ ಕಪ್ಪು ಉಳಿಯುತ್ತದೆ. ಆಮೇಲೆ ಒಣ ಹತ್ತಿಬಟ್ಟೆ ಸಾಕು.

ನೀವೂ ಬರೆದು ನೋಡಿ

ಮುಂದಿನ ಹಬ್ಬಕ್ಕೆ ಮುಂಚೆ ಅಜ್ಜಿಯನ್ನೋ ಅಮ್ಮನನ್ನೋ ಕೇಳಿ ಮಂಕಾದ ತಾಮ್ರದ ಚೊಂಬೊಂದನ್ನು ತೆಗೆದುಕೊಳ್ಳಿ. ಹುಣಿಸೆಹಣ್ಣನ್ನು ಗಟ್ಟಿಯಾಗಿ ಕಿವುಚಿ ರಸಕ್ಕೆ ಉಪ್ಪು ಹಾಕಿ. ಕಿವಿ ಒರೆಸುವ ಹತ್ತಿಕಡ್ಡಿಯನ್ನು ಅದರಲ್ಲಿ ಅದ್ದಿ ಚೊಂಬಿನ ಮೇಲೆ ಒಂದು ಎಲೆ, ಒಂದು ಹಕ್ಕಿ, ಆರು ಕೈಗಳ ಒಂದು ಹಿಮದ ಹೂವು ಬರೆಯಿರಿ. ಸ್ವಲ್ಪ ಹೊತ್ತು ಬಿಟ್ಟು ಒದ್ದೆ ಬಟ್ಟೆಯಿಂದ ಒರೆಸಿ. ರಸ ತಾಗಿದ ಕಡೆ ಹುಣಿಸೆಯ ಆಮ್ಲ ತಾಮ್ರದ ಆಕ್ಸೈಡನ್ನು ಕರಗಿಸಿರುತ್ತದೆ. ಕಂದು ನೆಲದ ಮೇಲೆ ಕೆಂಪು ಹೂವು ಹೊಳೆಯುತ್ತದೆ.

ಆ ಕಂದು ನೆಲ ಎಷ್ಟು ದಿನದ್ದು ಯೋಚಿಸಿ. ಕಳೆದ ಹಬ್ಬದಿಂದ ಈ ಹಬ್ಬದವರೆಗೆ ಮನೆಯ ಗಾಳಿ, ಅಡುಗೆಮನೆಯ ಹಬೆ, ದಿನಾ ನೀರು ತುಂಬಿದ ಕೈಗಳು ಸೇರಿ ಬೆಳೆಸಿದ ಬಣ್ಣ ಅದು. ಅಜ್ಜಿ ಚೊಂಬನ್ನು ತಿಕ್ಕಲು ಎತ್ತಿಕೊಳ್ಳುವ ಮುಂಚೆ ಒಂದು ನಿಮಿಷ ಕೇಳಿಕೊಂಡು, ನಿಮ್ಮ ಚಿತ್ರವನ್ನು ಅವರಿಗೆ ಬೆಳಕಿನಲ್ಲಿ ತೋರಿಸಿ.